ಕೋಬಾಲಿಗೊಂದು ಕಾಯಿಹೋಳಿಗೆ

ಆಮಂತ್ರಣದ ಕೊನೆಯಲ್ಲಿ ‘ಮಧ್ಯಾಹ್ನದ ಊಟವಿದೆ’ ಎಂದು ಅಚ್ಚಾಗದಿದ್ದರೆ ಶರೀಫನ ಮಾನ ಉಳಿಯುತ್ತಿತ್ತು.

ಶರೀಫ ಭಾಂಡುಪಿನ ಕಾರ್ಖಾನೆಯ ಕಂಪ್ಯೂಟರಿಗೆ ಕೋಬಾಲ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವನು. ಕೋಬಾಲ್ ಯಾರಪ್ಪನ ಸ್ವತ್ತೂ ಅಲ್ಲ. ಯಂತ್ರ ಯಾವ ಕಂಪೆನಿಯದಾದರೂ ನಿಯಮ ಒಂದೇ. ಈಗ ಒಂದು ದೊಡ್ಡ ಕಂಪೆನಿ, ಹಳೆಯ ನಾಲ್ಕು ಪದ ಕಿತ್ತುಹಾಕಿ ತನ್ನ ಯಂತ್ರಕ್ಕಷ್ಟೇ ತಿಳಿಯುವ ಪದಗಳನ್ನು ಸೇರಿಸಬೇಕೆಂದು ಪಟ್ಟು ಹಿಡಿದಿತ್ತು. ಹಾಗಾದರೆ ಶರೀಫ ವರ್ಷಗಟ್ಟಲೆ ಕೂತು ಪ್ರೋಗ್ರಾಮ್ ಬರೆದು, ಯಂತ್ರ ಓದಲೆಂದು ತೂತು ಹೊಡೆಸಿದ ಒಂದು ಕಪಾಟು ಕಾರ್ಡು ರದ್ದಿಗೆ. ತೀರ್ಮಾನಿಸುವ ಸಮಿತಿಯಲ್ಲಿ ಅಧ್ಯಕ್ಷರನ್ನು ಬಿಟ್ಟು ಐವರು. ಇಬ್ಬರು ಆ ಕಡೆ, ಇಬ್ಬರು ಈ ಕಡೆ, ಐದನೆಯವನು ಶರೀಫ. ಸಭೆ ಮಾಟುಂಗದ ಉಡುಪಿ ಹೋಟೆಲಿನ ಮಾಳಿಗೆಯಲ್ಲಿ. ಊಟದ ಖರ್ಚು ಕಂಪೆನಿಯದು.

“ಊಟಕ್ಕೆ ಮಾರಿ ಹೋಗ್ಬೇಡಿ ಆಯ್ತಾ?” ಎಂದ ಪಕ್ಕದ ಮೇಜಿನ ಪೂವಪ್ಪ. “ಹೋಳಿಗೆ ಕಂಡ್ರೆ ನಿಮ್ಮ ಬುದ್ಧಿ ನಿಲ್ಲುದಿಲ್ಲ.”

“ಅವರ ನೀರೂ ಮುಟ್ಟಂಗಿಲ್ಲ ನಾ!” ಎಂದು ಶರೀಫ ಇಡೀ ಆಫೀಸಿನ ಮುಂದೆ ಎದೆ ತಟ್ಟಿಕೊಂಡ.

ಪಾಪ, ಆಡಿದಂತೆಯೇ ನಡೆದ. ಕಂಪೆನಿಯ ಸದಾನಂದ ಗೇಟಿಗೇ ಕಾರು ತಂದರೂ ಹತ್ತದೆ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅಂಗಿಯ ಗುಂಡಿ ಕಳೆದುಕೊಂಡು ಹೋದ. ಕಾಫಿ ಬೇಡವೆಂದ. ಪುಕ್ಕಟೆ ಪೆನ್ನೂ ಬೇಡವೆಂದ. ವಾದ ಮುಗಿಯುವ ಮೊದಲೇ ಎಲೆ ಹಾಕಿದರು. ಎದ್ದು ಹೋದರೆ ಮತ ಹೋದೀತೆಂದು ಎಲ್ಲರ ಜೊತೆ ಕೂತನೇ ಹೊರತು ಏನನ್ನೂ ಬಡಿಸಿಕೊಳ್ಳಲಿಲ್ಲ. ಕಾಯಿಹೋಳಿಗೆಯ ಪರಿಮಳಕ್ಕೆ ಅವನ ಹೊಟ್ಟೆ ಮಾತ್ರ ಆಗಲೇ ಪಕ್ಷಾಂತರ ಮಾಡಿತ್ತು.

ಬಡಿಸುವ ಚೆನ್ನಯನಿಗೆ ಖಾಲಿ ಎಲೆ ಕಂಡರೆ ಸಂಕಟ. “ಒಂದು ಹಾಕ್ತೇನೆ ಮಾರ್ರೆ, ನಾಚಿಗೆ ಎಂಥಕ್ಕೆ?”

“ಬ್ಯಾಡ್ರಿ.”

“ಅರ್ಧ?”

ಶರೀಫ ಎಲೆಗೆ ಅಡ್ಡ ಕೈ ಹಿಡಿದ. ಚೆನ್ನಯ ಬೆರಳ ಸಂದಿಯಲ್ಲೂ ಬಡಿಸಬಲ್ಲ ಪಳಗಿದ ಆಸಾಮಿ. ಹೋಳಿಗೆ ಹಿಡಿದು ಬಗ್ಗಿಯೇ ಬಿಟ್ಟ.

ಅಷ್ಟರಲ್ಲಿ ಧಾರವಾಡ ಕಡೆಯ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. “ಚಲೋ, ನನ್ನ ಲೋಕಲ್ ತಪ್ಪತದ. ಕಂಪೆನಿಯವರ ಪ್ರಸ್ತಾಪಕ್ಕ ಒಪ್ಪಿದವರು ಕೈ ಎತ್ರಿ.”

ಹೋಳಿಗೆ ಇಳಿಯುತ್ತಿತ್ತು. ಶರೀಫ ಗಾಬರಿಯಿಂದ ಎರಡೂ ಕೈ ಮೇಲೆತ್ತಿ ಚೆನ್ನಯನ ಮಣಿಕಟ್ಟು ಹಿಡಿದ.

“ಮೂರು. ಪಾಸ್!” ಎಂದು ಅಧ್ಯಕ್ಷರು ಎದ್ದರು. “ಶರೀಫರು ಎರಡೂ ಕೈ ಎತ್ಯಾರ. ನಾ ಒಂದೇ ಎಣಿಸೀನಿ.”

“ಹೋಳಿಗಿ ಬ್ಯಾಡ ಅಂದದ್ರೀ ಸಾಹೇಬ್ರ!” ಎಂದು ಕೂಗುತ್ತ ಶರೀಫ ಮೆಟ್ಟಿಲಿಳಿದು ಓಡಿದ. ಅಧ್ಯಕ್ಷರು ಆಗಲೇ ಸ್ಟೇಷನ್ನಿನ ಜನಜಂಗುಳಿಯಲ್ಲಿ ಕರಗಿಹೋಗಿದ್ದರು.

ಹಸಿದ ಹೊಟ್ಟೆಯಲ್ಲಿ, ಲೋಕಲ್ಲಿನಲ್ಲಿ ನಿಂತುಕೊಂಡೇ ಭಾಂಡುಪಿಗೆ ಬಂದರೆ ಆಫೀಸಿನ ತುಂಬ ಏಲಕ್ಕಿಯ ಪರಿಮಳ. ಬೆಳಿಗ್ಗೆ ಅವನು ಹತ್ತದ ಕಾರು ಅವನಿಗಿಂತ ಮೊದಲೇ ಬಂದು ಡಬ್ಬಿಯೊಂದನ್ನು ಕೊಟ್ಟುಹೋಗಿತ್ತು.

“ನಿಮ್ಮ ಎರಡೂ ಕೈಗೆ ಸದಾನಂದರು ಥ್ಯಾಂಕ್ಸ್ ಹೇಳಿದ್ದಾರೆ,” ಎಂದ ಪೂವಪ್ಪ, ಬಾಯೊರೆಸಿಕೊಳ್ಳುತ್ತ. “ನೀವು ಅವರ ನೀರೂ ಮುಟ್ಟುದಿಲ್ಲ ಅಂದಿದ್ರಲ್ಲ, ಹಾಗಾಗಿ ಹೋಳಿಗೆ ನಾವೇ ಮುಗಿಸಿದೆವು.”

ಶರೀಫ ಖಾಲಿ ಡಬ್ಬಿ ನೋಡಿದ, ಕಪಾಟು ನೋಡಿದ. ಅಳು ಬರುವಂತಾಯಿತು.

“ಆತು. ಈ ಕಾರ್ಡೆಲ್ಲಾ ಇನ್ನ ಹೊಸದಾಗಿ ಬರೀಬೇಕು. ನನ್ನ ಜೋಡಿ ಯಾರ್ಯಾರು ಕೂಡತೀರಿ, ಕೈ ಎತ್ರಿ.”

ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರ ಕೈಗೂ ತುಪ್ಪ ಹತ್ತಿತ್ತು.