ಮಾರೆಣ್ಣನ ಮನೆಮಂದಿ

ಬೋರ್ಡಿನಲ್ಲಿ ‘ಮಹಡಿ ಮನೆ ಬಾಡಿಗೆಗೆ ಇದೆ’ ಎಂದು ದೊಡ್ಡದಾಗಿ, ‘ಫ್ಯಾಮಿಲಿಗೆ ಮಾತ್ರ’ ಎಂದು ಸಣ್ಣದಾಗಿ ಬರೆದಿತ್ತು. ಸಣ್ಣದನ್ನು ಮಾರೆಣ್ಣ ಓದಿದ್ದು ಗೇಟು ತೆರೆದ ಮೇಲೆ. ಅಷ್ಟರಲ್ಲಿ ಮನೆಯೊಡತಿ ಗಂಗಾಬಾಯಿ ಬಾಗಿಲಿಗೆ ಬಂದುಬಿಟ್ಟಿದ್ದರು.

ಮಾರೆಣ್ಣ ಸಿರುಗುಪ್ಪ ಕಡೆಯವ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸ. ಮಲಗುವುದೂ ಅಲ್ಲೇ, ದೇವರ ಪಟಗಳ ಕೆಳಗೆ. ಈಗ ಮಾಲೀಕರು ಅಂಗಡಿ ದೊಡ್ಡದು ಮಾಡಲು ಗೋಡೆ ಒಡೆಸುತ್ತಿದ್ದರು. ಸಂಜೆಯೊಳಗೆ ಬೇರೆ ಸೂರು ಆಗಬೇಕಿತ್ತು. ಬೆಳಿಗ್ಗೆಯಿಂದ ಹೋದಲ್ಲೆಲ್ಲ “ಫ್ಯಾಮಿಲಿ ಎಲ್ಲೈತಿ?” ಎಂಬ ಒಂದೇ ಪ್ರಶ್ನೆ. ಅವ್ವ ಸತ್ತ ಮೇಲೆ ಅವನಿಗೆ ತನ್ನವರೆಂದು ಯಾರೂ ಇರಲಿಲ್ಲ. ಒಂದು ಹಾಸಿಗೆ ಸುರುಳಿ, ಒಂದು ಚೀಲ, ಕಂಕುಳಲ್ಲಿ ಗಾಜು ಹಾಕಿದ ಒಂದು ಚಿತ್ರ, ಇಷ್ಟೇ ಸಂಸಾರ.

ಅದು ಯಾವುದೋ ಸುಲ್ತಾನನ ದರ್ಬಾರಿನ ಚರಿತ್ರೆ ಹೇಳುವ ಹಳೆಯ ಹಸ್ತಪ್ರತಿಯ ಒಂದು ಹಾಳೆಯ ಬಣ್ಣದ ಅಚ್ಚು. ಯಾರೋ ಕಟ್ಟು ಹಾಕಲು ಕೊಟ್ಟವರು ಮತ್ತೆ ಬರಲೇ ಇಲ್ಲ. ಮೇಲೆ ಕೆಳಗೆ ಪಾರ್ಸಿ ಅಕ್ಷರ. ನಡುವೆ ಬಂಗಾರದ ಪೀಠದಲ್ಲಿ ಸುಲ್ತಾನ. ಸುತ್ತ ಪೇಟದವರು, ಗಡ್ಡದವರು, ಕತ್ತಿ ಹಿಡಿದವ, ಹಣ್ಣಿನ ತಟ್ಟೆ ಹಿಡಿದವ. ಮೂಲೆಯಲ್ಲಿ, ಗೋಡೆಯ ಹಿಂದೆ, ಒಬ್ಬ ಮಾತ್ರ ಬೆರಗಾಗಿ ಬಾಯಲ್ಲಿ ಬೆರಳಿಟ್ಟುಕೊಂಡು ಇಣುಕುತ್ತಿದ್ದ.

“ಫ್ಯಾಮಿಲಿ ಎಲ್ಲದ?” ಗಂಗಾಬಾಯಿಯೂ ಕೇಳಿದರು.

ಮಾರೆಣ್ಣ ಹಾಸಿಗೆ ಸುರುಳಿ ಕೆಳಗಿಟ್ಟು, ಕಂಕುಳ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವರು ಕನ್ನಡಕ ಏರಿಸಿ ಚಿತ್ರವನ್ನೇ ನೋಡಿದರು. “ಇವರೇನು ಮನಿಮಂದಿ?”

“ಹೂನ್ರಿ ಅಮ್ಮಾ,” ಎಂದುಬಿಟ್ಟ.

“ಬಾ, ಕೂಡು. ಚಹಾ ಮಾಡ್ತೀನಿ. ನಡುವ ಕೂತವರು ಯಾರು?”

“ಅಜ್ಜಾರ್ರಿ.”

“ಕುರ್ಚಿ ಭಾರಿ ಅದಲ್ಲಪಾ!”

“ಫೋಟೋ ಮಾಸಿತ್ರಿ. ಪೇಂಟರ್ ಕೈಲೆ ಬಣ್ಣ ಹಾಕಿಸಿದ್ವಿ. ಅಂವ ಒಂದೀಟು ಹೆಚ್ಚಿಗಿ ಸಿಂಗಾರ ಮಾಡ್ಯಾನ.” ಮಾಸಿದ ಫೋಟೋಗಳಿಗೆ ಬಣ್ಣ ಹಾಕಿಸುವುದು ಅಂಗಡಿಯಲ್ಲಿ ದಿನದ ಕೆಲಸ. ಸುಳ್ಳು ಸಲೀಸಾಗಿ ಬಂತು.

“ಗ್ವಾಡಿ ಹಿಂದ ಬಾಯಾಗ ಬೊಟ್ಟು ಇಟ್ಕೊಂಡಾನಲ್ಲ, ಇಂವ?”

“ಅದು ನಾನ್ರಿ.” ಇದೊಂದು ಮಾತ್ರ ಅವನಿಗೆ ಸುಳ್ಳೆನಿಸಲಿಲ್ಲ.

ಬಾಡಿಗೆಗೆ ಯಾರೋ ಬಂದರೆಂದು ಎದುರು ಮನೆಯ ದುರುಗಮ್ಮ ಬಂದಳು. ಹಿಂದೆಯೇ ಪಕ್ಕದ ಮನೆಯ ಮಾಜಿ ಬಸ್ ಡ್ರೈವರ್ ಜೋಗಪ್ಪ. ಗಂಗಾಬಾಯಿ ಇಬ್ಬರಿಗೂ ‘ಇವನ ಮನಿಮಂದಿ’ ಎಂದು ಚಿತ್ರ ತೋರಿಸಿದರು.

“ಈ ಕತ್ತಿ ಹಿಡದ ಹುಡುಗಗ ಮದುವಿ ಆಗೈತೇನು?” ದುರುಗಮ್ಮ ಕೇಳಿದಳು.

“ಇಲ್ರಿ ಅಕ್ಕಾ. ಕುಡತಿನಿ ಕರೆಂಟಿನ ಫ್ಯಾಕ್ಟರ್ಯಾಗ ಸೆಕ್ಯೂರಿಟಿ ಅದಾನ.”

“ಅದಕ್ಕ ಕತ್ತಿ! ನಮ್ಮ ಮಗಳು ರಶ್ಮಿಗೆ ಜೋಡಿ ಚಲೋ ಆಕ್ಕೈತಿ.”

ಮಾರೆಣ್ಣನಿಗೆ ಹುರುಪು ಬಂತು. ಹಣ್ಣಿನ ತಟ್ಟೆಯವ ಬಾದನಹಟ್ಟಿಯ ಸೋದರಮಾವನಾದ. ಉದ್ದ ಗಡ್ಡದವ ಸಿಡುಕಿನ ದೊಡ್ಡಪ್ಪನಾದ. ಇಷ್ಟು ಜನ ಕೂತು ತನ್ನ ಮಾತು ಕೇಳಿದ್ದು ಅವನಿಗೆ ನೆನಪೇ ಇರಲಿಲ್ಲ. ಮತ್ತೊಂದು ಸಲ ಚಹಾ ಬಂತು.

ಜೋಗಪ್ಪ ಮಾತ್ರ ಗಾಜಿನ ಮೇಲೆ ಬೆರಳಿಟ್ಟು ತಲೆ ಎಣಿಸುತ್ತಿದ್ದ. “ಲೇ ತಮ್ಮಾ, ಇಷ್ಟು ಮಂದಿ ಬಂದ್ರ ನೀರು? ನಳ ಬರೋದ ವಾರಕ್ಕೊಮ್ಮಿ! ನಾವು ಜಳಕಕ್ಕ ಅಷ್ಟು ದೂರ ಕೆಂಚನಗುಡ್ಡದ ಹೊಳಿಗೆ ಹೋಗಬೇಕೇನು?”

ಮನೆ ಕೈತಪ್ಪುವಂತೆ ಕಂಡಿತು. “ದೊಡ್ಡಪ್ಪ ಬರೂದಿಲ್ರಿ. ತೀರಿಕೊಂಡಾರ.”

“ಒಬ್ಬ ಹ್ವಾದ. ಉಳದೋರು?”

“ಮಾವಗ... ಹಾವು ಕಡೀತ್ರಿ.”

ಜೋಗಪ್ಪನ ಬೆರಳು ಸರಿದಂತೆಲ್ಲ ಒಬ್ಬೊಬ್ಬರೇ ಹೋದರು. ಒಬ್ಬ ಕಾಲುವೆಗೆ ಬಿದ್ದ, ಒಬ್ಬನಿಗೆ ಜ್ವರ, ಅಜ್ಜನಿಗೆ ವಯಸ್ಸು. ಕತ್ತಿಯವನಿಗೆ ಲಾರಿ ಗುದ್ದಿತು. “ಅಯ್ಯೋ ನನ್ನ ಅಳಿಯಾ!” ಎಂದು ದುರುಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಮಾರೆಣ್ಣನಿಗೂ ನಿಜವಾಗಿಯೇ ಅಳು ಬಂತು. ಒಂದು ಚಹಾ ಕುಡಿಯುವಷ್ಟರಲ್ಲಿ ಬಂದ ಬಳಗ ಇನ್ನೊಂದು ಚಹಾ ಆರುವಷ್ಟರಲ್ಲಿ ಹೋಗಿತ್ತು.

“ಅಂದ್ರ ಉಳದಾಂವ ನೀ ಒಬ್ನ.” ಜೋಗಪ್ಪ ಎದ್ದ. “ಬೋರ್ಡ್ ಓದಿಲ್ಲೇನು? ಒಬ್ಬಂಟಿಗಳಿಗೆ ಈ ಓಣ್ಯಾಗ ಮನಿ ಇಲ್ಲ.”

“ಇಷ್ಟು ಸಾವಾದ ಮನಿತನ, ಬ್ಯಾಡ್ರಿ ಬಾಯಾರ,” ಎಂದು ದುರುಗಮ್ಮನೂ ಹೊರಟಳು.

ಮನೆ ತಟ್ಟನೆ ಬರಿದಾಯಿತು. ಮಾರೆಣ್ಣ ತಲೆ ತಗ್ಗಿಸಿದ. “ಅಮ್ಮಾ, ಸುಳ್ಳು ಹೇಳಿದ್ನಿರಿ. ಇವರ‍್ಯಾರೂ ನಮ್ಮವರಲ್ಲ.”

“ಗೊತ್ತದಪಾ. ಹೈಸ್ಕೂಲಿನಾಗ ಇತಿಹಾಸ ಹೇಳಿ ರಿಟೈರ್ ಆದಾಕಿ ನಾನು. ನಿಮ್ಮಜ್ಜನ ಮ್ಯಾಲೆ ಹತ್ತು ಮಾರ್ಕಿನ ಪ್ರಶ್ನಿ ಹಾಕೀನಿ.”

ಮಾರೆಣ್ಣ ಬೆಪ್ಪಾದ. “ಮತ್ಯಾಕ ಕೇಳ್ಕೋಂತ ಕೂತಿದ್ರಿ?”

“ಛಲೋ ಹೇಳ್ತಿದ್ದಿ.”

“ಹಂಗಾರ ಮನಿ ಕೊಡ್ತೀರೇನ್ರಿ?”

ಗಂಗಾಬಾಯಿ ಕಪ್ಪುಗಳನ್ನು ಒಂದರೊಳಗೊಂದು ಇಟ್ಟರು. “ಕೊಟ್ರ ಬೋರ್ಡ್ ತೆಗೀಬೇಕಾಗ್ತದ. ಮನಿ ಸಿಕ್ಕವರು ಬಾಗಲಾ ಹಾಕ್ಕೋತಾರ. ಬಾಡಿಗೀನೂ ಈಗ ಫೋನಿನಾಗ ಹಾಕಿಬಿಡ್ತಾರ. ಮನಿ ಹುಡುಕ್ಕೋತ ಬಂದವರು ಕೂತು ಮಾತಾಡ್ತಾರ. ಬೋರ್ಡ್ ಇಲ್ದಿದ್ರ ದುರುಗಮ್ಮ ಸುದ್ದಾ ಈ ಕಡೆ ಬರೂದಿಲ್ಲ.”

ಮಾರೆಣ್ಣ ಹಾಸಿಗೆ ಎತ್ತಿಕೊಂಡ. ಚಿತ್ರಕ್ಕೆ ಕೈ ಚಾಚುವಷ್ಟರಲ್ಲಿ ಅದು ಗಂಗಾಬಾಯಿಯ ಕೈಯಲ್ಲಿತ್ತು.

“ಈ ಬಿಸಿಲಾಗ ಗಾಜು ಹೊತ್ಕೊಂಡು ಎಲ್ಲಿ ತಿರಗ್ತಿ? ನಿನಗ ಮನಿ ಸಿಗೂತನಕ ಇವರು ಇಲ್ಲೇ ಇರಲಿ. ಆಗಾಗ ನೋಡ್ಲಿಕ್ಕೆ ಬರ್ತಿರು.”

ಗೇಟು ದಾಟಿ ಅವನು ತಿರುಗಿ ನೋಡಿದ. ಕಿಟಕಿಯೊಳಗೆ, ಫ್ಯಾನಿನ ಗಾಳಿಯಲ್ಲಿ, ಅಜ್ಜ, ಮಾವ, ದೊಡ್ಡಪ್ಪ, ಎಲ್ಲರೂ ತಂಪಾಗಿ ಮೊಳೆಗೆ ಏರಿದ್ದರು. ಬೋರ್ಡು ಹೇಳಿದಂತೆ ಮನೆ ಫ್ಯಾಮಿಲಿಗೆ ಸಿಕ್ಕಿತ್ತು. ಕಾಂಪೌಂಡು ಗೋಡೆಯ ಈಚೆ ಮಾರೆಣ್ಣ, ಬಾಯಲ್ಲಿ ಬೆರಳಿಟ್ಟುಕೊಂಡು, ನಿಂತೇ ಇದ್ದ.