ಉಜ್ಜಿ ತೊಳೆದ ಗುಲಾಬಿ ಅಚ್ಚು

ಕಲ್ಯಾಣದುರ್ಗದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಕಬ್ಬಿಣದ ಗುಣಲಕ್ಷಣಗಳ ಪಾಠ ನನ್ನದೇ. ವಿದ್ಯಾರ್ಥಿಗಳಿಂದ ಇದುವರೆಗೆ ದೂರು ಬಂದಿಲ್ಲ. ಆದ್ದರಿಂದ, ಗುಲಾಬಿ ಹೂವು ಕರಿಯುವುದು ನನಗೊಂದು ಕಷ್ಟವೇ ಅಲ್ಲ ಎಂದು ನಾನು ತೀರ್ಮಾನಿಸಿದ್ದರಲ್ಲಿ ತರ್ಕದ ತಪ್ಪೇನೂ ಇರಲಿಲ್ಲ.

ಗುಲಾಬಿ ಹೂವು ಎಂದರೆ ನಮ್ಮ ಮನೆಯ ಕ್ರಿಸ್‌ಮಸ್ ತಿಂಡಿ. ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಅದ್ದಿ, ಮತ್ತೆ ಎಣ್ಣೆಗಿಳಿಸಿ ಅಲ್ಲಾಡಿಸಿದರೆ ಹೂವು ತಾನಾಗಿ ಕಳಚಿಕೊಂಡು ತೇಲುತ್ತದೆ. ಹಿಂದೂಪುರದಲ್ಲಿ ಅಮ್ಮನ ಕೈಯಲ್ಲಿ ಅದು ಹಾಗೆಯೇ ತೇಲುತ್ತಿತ್ತು. ಕಳೆದ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡರು. ಈಗ ನಮ್ಮ ಕುಟುಂಬವೆಂದರೆ ಅಪ್ಪ ಮತ್ತು ನಾನು.

ಹಬ್ಬಕ್ಕೆ ಮುಂಚೆ ಅಪ್ಪ ಫೋನಿನಲ್ಲಿ ಹೇಳಿದರು: "ಈ ಸಲ ಏನೂ ಬ್ಯಾಡ ಕಣಮ್ಮ. ಚರ್ಚಿಗೆ ಹೋಗಿ ಬಂದ್ಬುಟ್ಟು ಮನೀಕಂತೀನಿ."

"ಇಲ್ಲಿಗೇ ಬಾ ಅಪ್ಪ. ಗುಲಾಬಿ ಹೂವು ಮಾಡ್ತೀನಿ."

ಆ ಕಡೆ ಟಿವಿ ಸದ್ದು ತಗ್ಗಿತು. ಆಮೇಲೆ, "ನೀನು ಮಾಡ್ತೀಯಾ? ಹಂಗಾರೆ ಬತ್ತೀನಿ."

ಅಪ್ಪ ಬಸ್ಸು ಹತ್ತಲು ಒಪ್ಪಿದ್ದು ನನಗಾಗಿ ಅಲ್ಲ, ಹೂವಿಗಾಗಿ. ನಾನೂ ಅದಕ್ಕೇ ಹೇಳಿದ್ದು.

ಅಚ್ಚು ನನ್ನ ಹತ್ತಿರವೇ ಇತ್ತು. ಅಮ್ಮನ ಅಡುಗೆಮನೆಯಿಂದ ನಾನು ತಂದದ್ದು ಅದೊಂದನ್ನೇ. ಕಪ್ಪಗೆ, ಜಿಡ್ಡುಜಿಡ್ಡಾಗಿ, ಹಳೇ ಕಾಗದದಲ್ಲಿ ಸುತ್ತಿಕೊಂಡು ಕೂತಿತ್ತು. ಹಬ್ಬದ ಹಿಂದಿನ ದಿನ ಅದರ ಉದ್ಧಾರಕ್ಕೆ ನಿಂತೆ. ಹುಣಸೆಹಣ್ಣು, ಸೋಪಿನ ಪುಡಿ, ಸ್ಟೀಲ್ ನಾರು ಎಲ್ಲದರ ಪ್ರಯೋಗವಾಯಿತು. ಸಂಜೆಯ ಹೊತ್ತಿಗೆ ಅಚ್ಚು ಬೆಳ್ಳಿಯಂತೆ ಹೊಳೆಯಿತು. ಅಮ್ಮ ನೋಡಬೇಕಿತ್ತು ಎಂದುಕೊಂಡೆ, ಹೆಮ್ಮೆಯಿಂದ.

ಹಬ್ಬದ ಬೆಳಿಗ್ಗೆ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿ, ಹಿಟ್ಟು ಕಲಸಿದೆ. ಅಮ್ಮನ ಅಳತೆ ನನಗೆ ಬಾಯಿಪಾಠ. ಅದು ಇಡೀ ಬೀದಿಯ ಅಳತೆ ಎಂಬುದು ಕಲಸಿದ ಮೇಲೆ ನೆನಪಾಯಿತು. ಅಲ್ಲಿ ಮೊದಲು ಮೊಟ್ಟೆಯಿಲ್ಲದ ಹಿಟ್ಟಿನಲ್ಲಿ ಕರಿದು ಅಕ್ಕಪಕ್ಕದವರಿಗೆಲ್ಲ ತಟ್ಟೆ ಹೋಗುತ್ತಿತ್ತು, ಆಮೇಲೆ ಮೊಟ್ಟೆ ಒಡೆದು ನಮಗೆ. ಇಲ್ಲಿ ನಾನು ಯಾರಿಗೆ ಕಳಿಸಲಿ? ಎರಡು ವರ್ಷದಲ್ಲಿ ಪಕ್ಕದ ಮನೆಯ ಶಾಂತಕ್ಕನ ಜತೆ ನಾನಾಡಿದ ಮಾತೆಲ್ಲ "ನಲ್ಲಿ ನೀರು ಬಂತಾ" ಎಂಬುದರಲ್ಲಿ ಮುಗಿದಿತ್ತು.

ಮೊದಲ ಹೂವು ಎಣ್ಣೆಗಿಳಿಯಿತು. ಅಲ್ಲಾಡಿಸಿದೆ. ಬಾಣಲೆ ಅಲ್ಲಾಡಿತು, ಒಲೆ ಅಲ್ಲಾಡಿತು, ಹೂವು ಅಲ್ಲಾಡಲಿಲ್ಲ. ಪಿನ್ನಿನಿಂದ ಎಬ್ಬಿಸಲು ಹೋದೆ. ಅಷ್ಟರಲ್ಲಿ ಅದು ಇದ್ದಿಲಾಯಿತು. ಅಚ್ಚನ್ನು ಬಾಣಲೆಯ ಅಂಚಿಗೆ ಬಡಿದೆ. ಚೂರುಗಳು ಉದುರಿದವು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಹೊಗೆ ತಾಳಲಾರದೆ ಬಾಗಿಲು ತೆರೆದರೆ ಶಾಂತಕ್ಕ ನಿಂತಿದ್ದರು.

"ಏನು ಮೇಡಮ್, ಬೆಳಿಗ್ಗಿಂದ ಕುಲುಮೆ ಇಟ್ಟೀರಾ?" ಎಂದವರು ನಕ್ಷತ್ರ ನೋಡಿದರು. "ಓ, ನಿಮ್ದು ಈ ಹಬ್ಬಾನಾ? ನಂಗೆ ಗೊತ್ತೇ ಇಲ್ವಲ್ಲ. ನಿಮ್ಮ ಬಾಗಿಲು ಹಿಂಗೆ ಪೂರಾ ತೆಗೆದಿದ್ದೇ ಇವತ್ತು ನೋಡಿದ್ದು."

"ಒಳಗೆ ಬನ್ನಿ."

"ಕೋಡಿಗುಡ್ಡು ಹಾಕಿದ್ದೀರಾ?"

"ಮೊಟ್ಟೆ ಹಾಕಿದ್ದೀನಿ."

"ಹಂಗಾರೆ ಇಲ್ಲೇ ನಿಂತ್ಕಂತೀನಿ. ನಾವು ಲಿಂಗ ಕಟ್ಟಿದೋರು."

ಹೊಸ್ತಿಲಾಚೆಯಿಂದ ನಿರ್ದೇಶನ ಶುರುವಾಯಿತು. "ಹಿಟ್ಟು ನೀರಾಗೈತೆ, ಇನ್ನೊಂದಿಷ್ಟು ಹಾಕಿ." ಹಾಕಿದೆ. "ಇದು ರೊಟ್ಟಿ ಹಿಟ್ಟಾಯ್ತು, ನೀರು ಬಿಡಿ." ಬಿಟ್ಟೆ. "ಸಪ್ಪಗಾಗಿರ್ತೈತೆ, ಚಕ್ಕೆರ ಹಾಕಿ." ಸಕ್ಕರೆಯನ್ನೂ ಹಾಕಿದೆ. ಅಚ್ಚು ಮಾತ್ರ ಹೂವನ್ನು ಬಿಡಲೊಲ್ಲದು. ಹಿಟ್ಟು ಪಾತ್ರೆ ದಾಟಿ ಸ್ಟೀಲ್ ಬಕೆಟ್ಟು ಸೇರಿತು.

"ಎಷ್ಟು ಜನ ಬತ್ತಾರೆ?"

"ಅಪ್ಪ."

"ಆಮೇಲೆ?"

"ಅಷ್ಟೆ."

ಶಾಂತಕ್ಕ ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಸಲಹೆ ನಿಂತುಹೋಯಿತು. "ಒಂದು ನೆಟ್ಟಗೆ ಬಂದ್ರೆ ನನ್ನೂ ಕರೀರಿ, ಬಂದು ನೋಡ್ತೀನಿ," ಎಂದು ಮೆಲ್ಲಗೆ ಹೇಳಿ ಹೋದರು.

ಮಧ್ಯಾಹ್ನ ಅಪ್ಪ ಬಂದಾಗ ಮೇಜಿನ ಮೇಲೆ ಚೂರುಗಳ ಗುಡ್ಡವೊಂದು ಎದ್ದಿತ್ತು. ಅವರು ಅಚ್ಚನ್ನು ಎತ್ತಿ ನೋಡಿದರು.

"ಹೊಸದೇನಮ್ಮ?"

"ಅಮ್ಮಂದೇ. ಉಜ್ಜಿ ತೊಳೆದೆ."

ಅಪ್ಪ ಅದನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು. "ನಿಮ್ಮಮ್ಮ ಇದಕ್ಕೆ ಒಂದಿನಾನೂ ನೀರು ಮುಟ್ಟಿಸ್ತಿರ್ಲಿಲ್ಲ. ಬಟ್ಟೇಲಿ ಒರೆಸಿ ಮಡಗೋಳು. ನಾನೊಂದ್ಸಲ ತೊಳ್ಯಾಕೆ ಹೋಗಿ, ಆ ಹಬ್ಬದಾಗೆ ಅವಳ ಕೈಲಿ ಬೈಸ್ಕಂಡು ನಾನೇ ತೊಳೆಸ್ಕಂಡಂಗಾಯ್ತು."

ಆಗ ಹೊಳೆಯಿತು. ವರ್ಷವರ್ಷವೂ ಎಣ್ಣೆ ಕುಡಿದು ಕಬ್ಬಿಣದ ಮೇಲೆ ಕೂತ ಕಪ್ಪು ಪದರ ಇದ್ದರೆ ಹಿಟ್ಟು ಅಂಟುವುದಿಲ್ಲ. ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಅಮ್ಮನ ಅಷ್ಟೂ ಹಬ್ಬಗಳನ್ನು ನಾನು ಒಂದೇ ಸಂಜೆಯಲ್ಲಿ ಬಚ್ಚಲಿಗೆ ಬಿಟ್ಟಿದ್ದೆ, ನೊರೆಯ ಸಮೇತ.

ಬೇರೇನೂ ತೋಚದೆ ಕರಿಯುತ್ತಾ ಹೋದೆ. ಅಪ್ಪ ಚೂರುಗಳನ್ನು ಚಮಚದಲ್ಲಿ ಉಪ್ಪಿಟ್ಟಿನಂತೆ ತಿಂದರು. "ರುಚಿ ಅದೇ ಐತೆ," ಎಂದರು. ಗುಡ್ಡವನ್ನು ಚಮಚದಲ್ಲಿ ಕೆದಕಿ, "ಇಡೀದು ಒಂದೂ ಇಲ್ವಾ?"

"ಬರುತ್ತೆ, ಇರು."

ಬಕೆಟ್ಟಿನ ತಳ ಕಾಣುವ ಹೊತ್ತಿಗೆ ಅಚ್ಚು ಮತ್ತೆ ಕಪ್ಪಗಾಗತೊಡಗಿತ್ತು. ಒಂದೇ ಹೂವಿಗಾಗುವಷ್ಟು ಉಳಿದಿದ್ದ ಹಿಟ್ಟನ್ನು ಬಕೆಟ್ಟು ಓರೆ ಮಾಡಿ ಒಂದು ಮೂಲೆಗೆ ತಂದು ಅದ್ದಿದೆ. ಎಣ್ಣೆಗಿಳಿಸಿ ಅಲ್ಲಾಡಿಸಿದೆ. ಹೂವು ಕಳಚಿಕೊಂಡಿತು! ಅಷ್ಟೂ ಎಸಳು ನೆಟ್ಟಗೆ, ಹೊಂಬಣ್ಣವಾಗಿ ತೇಲುತ್ತಿತ್ತು.

ತಟ್ಟೆಯಲ್ಲಿಟ್ಟು ಅಪ್ಪನ ಮುಂದೆ ಇಟ್ಟೆ. ಫೋಟೋ ತೆಗೆಯಬೇಕು, ಸಾಕ್ಷಿಯೂ ಬೇಕು. ಫೋನು ಹುಡುಕಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ಶಾಂತಕ್ಕನ ಬಾಗಿಲು ತಟ್ಟಿ, ಅವರನ್ನು ಕರೆದುಕೊಂಡು ಓಡಿ ಬಂದೆ.

ತಟ್ಟೆ ಖಾಲಿಯಿತ್ತು. ಅಪ್ಪ ಬೆರಳು ನೆಕ್ಕುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ನಿಮ್ಮಮ್ಮ ಮಾಡ್ದಂಗೇ ಐತೆ ಕಣಮ್ಮ," ಎಂದರು. "ಇನ್ನೊಂದು ಕೊಡು."

ಶಾಂತಕ್ಕ ಹೊಸ್ತಿಲಿನಿಂದಲೇ ಕತ್ತು ಚಾಚಿದರು. "ಎಲ್ಲಿ ಮೇಡಮ್, ಹೂವು?"

ನಾನು ಖಾಲಿ ತಟ್ಟೆಯ ಫೋಟೋ ತೆಗೆದೆ. ಅದು ಈಗಲೂ ನನ್ನ ಫೋನಿನಲ್ಲಿದೆ; ಒಂದೆರಡು ಚೂರು, ಪಕ್ಕದಲ್ಲಿ ಅಪ್ಪನ ಮೊಣಕೈ. ಅಚ್ಚನ್ನು ಬಟ್ಟೆಯಲ್ಲಿ ಒರೆಸಿ, ಕಾಗದ ಸುತ್ತಿ ಇಟ್ಟಿದ್ದೇನೆ. ಕಬ್ಬಿಣದ ಪಾಠವನ್ನು ಈ ವರ್ಷ ಬೇರೆ ಮೇಡಮ್ಮಿಗೆ ಬಿಟ್ಟುಕೊಟ್ಟಿದ್ದೇನೆ.