ಸಾಹುಕಾರರ ಕಾರಿಗೆ ಫಿಟ್ನೆಸ್ಸು

ಬೆಳಗ್ಗೆ ಏಳೂವರೆಗೆ ಹಾರನ್ ಒತ್ತಿದರೆ ಸದ್ದೇ ಬರಲಿಲ್ಲ. ಇನ್ನೊಮ್ಮೆ ಒತ್ತಿದ. ಊಹೂಂ. ಎರಡೂ ಹೆಬ್ಬೆರಳು ಇಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಕಾರು ತುಟಿಪಿಟಕ್ಕೆನ್ನಲಿಲ್ಲ. ಸ್ಟಿಯರಿಂಗ್ ಹಿಂದೆ ಕೂತಿದ್ದವನ ಮುಖ ಬಹಳ ದಿನಗಳ ಮೇಲೆ ಅರಳಿತು.

ಬೀದಿಯವರೆಲ್ಲ ಅವನನ್ನು ಸಾಹುಕಾರ ಎಂದು ಕರೆಯುತ್ತಿದ್ದರು. ಕೆಲಸಕ್ಕಿದ್ದದ್ದು ಕನ್ನಡಕದಂಗಡಿಯಲ್ಲಿ, ಸಾಹುಕಾರಿಕೆಯೇನಿದ್ದರೂ ಶೆಡ್ಡಿನಲ್ಲಿ. ಅಲ್ಲಿ ಇಪ್ಪತ್ತೆಂಟು ವರ್ಷ ಹಳೆಯ, ಕಪ್ಪು ಬಣ್ಣದ, ಮೂತಿ ಒಂದು ಬೀದಿಯಲ್ಲಿದ್ದರೆ ಬಾಲ ಇನ್ನೊಂದು ಬೀದಿಯಲ್ಲಿರುವಷ್ಟು ಉದ್ದನೆಯ ವಿದೇಶಿ ಕಾರು ನಿಂತಿತ್ತು. ಅವನ ಮಾವ ಮೂವತ್ತು ವರ್ಷ ಒಬ್ಬ ಗಿರಣಿ ಧಣಿಗೆ ಡ್ರೈವರಾಗಿದ್ದವರು. ಕೆಲಸ ಬಿಡುವ ದಿನ ಧಣಿ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟು, "ಇದು ಓಡೋವಷ್ಟು ದಿನ ಕೈಬಿಡಬೇಡ" ಎಂದಿದ್ದರಂತೆ. ಮಾರನೆಯ ವರ್ಷ ಧಣಿ ತೀರಿಕೊಂಡರು. ಮಾತು ಉಳಿಯಿತು, ಕಾರೂ ಉಳಿಯಿತು. ಎಪ್ಪತ್ತು ದಾಟಿದ ಮಾವನಿಗೆ ಲೈಸೆನ್ಸ್ ಸಿಗದೆ ಹೋದಾಗ ಕೀಲಿಕೈ ಅಳಿಯನ ಜೇಬಿಗೆ ಬಂತು.

ಅಂದಿನಿಂದ ಅವನಿಗೆ ಭಾನುವಾರ ಎಂಬುದು ಆಕಾಶ ಕಾಣದ ವಾರ. ಬೆಳಗ್ಗೆ ಕಾರಿನ ಕೆಳಗೆ ಹೋದರೆ ಮಧ್ಯಾಹ್ನ ಊಟಕ್ಕೆ ಕಾಲು ಹಿಡಿದೇ ಎಳೆಯಬೇಕು. ಹೊಸ ಬಿಡಿಭಾಗದ ಬೆಲೆ ಕೇಳಿದರೆ ತಿಂಗಳ ಸಂಬಳ ನಾಚಿಕೊಳ್ಳುತ್ತಿತ್ತು. ಹಾಗಾಗಿ ಎಲ್ಲ ಗುಜರಿಯಿಂದ. ಕಿಟಕಿ ಗಾಜು ಜಾರದಂತೆ ಮರದ ತುಂಡು, ಹರಿದ ಚರ್ಮದ ಸೀಟಿಗೆ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ರೆಕ್ಸಿನ್ ತೇಪೆ, ಎಂಜಿನ್ ಕೆಳಗೆ ಸದಾ ಒಂದು ತಟ್ಟೆ. ತಟ್ಟೆಗೆ ಎಣ್ಣೆ ತೊಟ್ಟಿಕ್ಕದಿದ್ದ ದಿನ ಅವನಿಗೆ ಗಾಬರಿಯಾಗುತ್ತಿತ್ತು, ಒಳಗೆ ಎಣ್ಣೆಯೇ ಮುಗಿದಿದೆಯೇನೋ ಎಂದು. ಇಷ್ಟರ ಮೇಲೆ ಎಲ್ಲಿ ಹೋದರೂ ಕಾರು ನೋಡಿಯೇ ರೇಟು. ಅದರಲ್ಲಿ ಹೋಗಿ ಕ್ಷೌರ ಮಾಡಿಸಿಕೊಂಡರೂ ಎರಡರಷ್ಟು ಕೇಳುತ್ತಿದ್ದರು.

ಮಾವನಿಗೆ ಹೇಳುವುದು ಹೇಗೆ? ಅವರು ಅಳಿಯನನ್ನು 'ನೀವು' ಎನ್ನುವವರು. ಅವನು ಅವರ ಮುಂದೆ ಕಾಲು ಚಾಚಿ ಕೂರದವನು. ಪ್ರತಿ ಭಾನುವಾರ ಅವರು ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತು, ಕೇಳುವ ಮೊದಲೇ ಸರಿಯಾದ ಸ್ಪ್ಯಾನರ್ ಕೈಗಿಡುತ್ತಿದ್ದರು. ಅಂಥವರಿಗೆ, ಮಾರಿಬಿಡೋಣ ಎನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ.

ಆದರೆ ಇವತ್ತು ಫಿಟ್ನೆಸ್ ಪರೀಕ್ಷೆ. ಇಪ್ಪತ್ತೈದು ವರ್ಷ ದಾಟಿದ ಗಾಡಿಗೆ ಒಂದೇ ಅವಕಾಶ: ಸಂಜೆ ಐದರೊಳಗೆ ಪಾಸಾದರೆ ಐದು ವರ್ಷದ ಸರ್ಟಿಫಿಕೇಟು, ಇಲ್ಲವಾದರೆ ನೇರ ಗುಜರಿಗೆ. ಕಾನೂನೇ ಓಡಬಾರದು ಎಂದಮೇಲೆ ಧಣಿಯ ಮಾತಿಗೂ ಭಂಗವಿಲ್ಲ, ಮಾವನಿಗೂ ನೋವಿಲ್ಲ. ಬೆಳಗ್ಗೆ ಟೀ ಕೊಡುವಾಗ ಹೆಂಡತಿ ಕಿವಿಯಲ್ಲಿ ಪಿಸುಗುಟ್ಟಿದ್ದಳು: "ಏನಾದ್ರೂ ಮಾಡಿ ಫೇಲಾಗ್ಲಿ ರೀ. ಆ ಶೆಡ್ಡು ಸಿಕ್ರೆ ಮೂರು ಮಿಷನ್ ಹಾಕ್ಬಹುದು. ಎಷ್ಟು ವರ್ಷ ಅಂತ ಅಡುಗೆಮನೆ ಮೂಲೇಲಿ ಬಟ್ಟೆ ಹೊಲೀಲಿ?"

ಈಗ ಹಾರನ್ ಇಲ್ಲ. ಇದೊಂದೇ ಸಾಕು ಎಂದು ಅವನು ಕಾರನ್ನು ಗೇಟಿನಿಂದ ಹೊರಗಿಳಿಸುವಷ್ಟರಲ್ಲಿ, ಪಕ್ಕದ ಮನೆಯ ನಿವೃತ್ತ ವೈರ್‌ಮನ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಡ್ಡ ಬಂದ.

"ಏನ್ ಸಾಹುಕಾರ್ರೇ, ಹಾರನ್ನೇ ಹೊಡೀಲಿಲ್ಲ? ಗಾಡಿ ತೆಗೆದಾಗೆಲ್ಲ ನನ್ನ ಬಾಗಿಲ ಹತ್ರ ಒಂದ್ ಸಲ ಹೊಡೀತೀರಲ್ಲ?"

"ಕೆಟ್ಟಿದೆ ಅಣ್ಣಾ. ಹೋಗ್ಲಿ ಬಿಡಿ."

"ಬಿಡೋದೇನು! ಪರೀಕ್ಷೆ ದಿನ ಹಾರನ್ ಇಲ್ದೆ ಕಳಿಸ್ತೀನಾ? ನಲವತ್ತು ವರ್ಷ ಕಂಬ ಹತ್ತಿದವನು ನಾನು. ಬಾನೆಟ್ ಎತ್ತಿ!"

ಬೇಡ ಎನ್ನುವುದಕ್ಕೆ ಸಾಹುಕಾರನಿಗೆ ಒಂದು ಕಾರಣವೂ ಹೊಳೆಯಲಿಲ್ಲ. ವೈರ್‌ಮನ್ ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು ಒಳಗೆ ತಲೆ ತೂರಿಸಿದ. "ವೈರು ಕಳಚಿಕೊಂಡಿದೆ ಅಷ್ಟೇ" ಎಂದು ಸಿಕ್ಕಿಸಿದ. ಕಾರು ಕಟ್ಟು ಹರಿದ ಎಮ್ಮೆಯಂತೆ ಕೂಗಿಕೊಂಡಿತು. ಒತ್ತದಿದ್ದರೂ ಕೂಗಿತು, ಕೀಲಿ ತೆಗೆದರೂ ಕೂಗಿತು. ಬೀದಿಯ ಕಿಟಕಿಗಳೆಲ್ಲ ತೆರೆದವು, ಮಕ್ಕಳು ಅತ್ತವು. ಎದುರು ಮನೆಯ ಅಜ್ಜಿ ತಮ್ಮ ಔಷಧಿ ಡಬ್ಬಿಯ ಮುಚ್ಚಳವನ್ನೇ ಗುರಿಯಿಟ್ಟು ಎಸೆದರು. ಐದು ನಿಮಿಷದ ಮೇಲೆ ಅದು ತಾನಾಗಿ ಸುಮ್ಮನಾಯಿತು. ಸ್ಟಿಯರಿಂಗ್ ಒತ್ತಿ ನೋಡಿದರೆ ಈಗ ಹದವಾಗಿ, ಮದುವೆಮನೆಯ ವಾದ್ಯದಂತೆ ನುಡಿಯಿತು.

"ಮಶೀನು ಮನುಷ್ಯನ ಥರಾನೇ, ಒಂದ್ ಸಲ ಕೂಗಾಡಿದ್ರೆ ಸರಿಹೋಗುತ್ತೆ" ಎಂದ ವೈರ್‌ಮನ್, ಮನೆಯಿಂದ ತನ್ನ ಹತಾರದ ಚೀಲ ತಂದು, ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತ. "ನಡೀರಿ, ನಾನೂ ಬರ್ತೀನಿ. ಮನೇಲಿ ಕೂತು ಏನ್ ಮಾಡ್ಲಿ?"

ಜಗಲಿಯ ಮೇಲೆ ಮಾವ ನಿಂತಿದ್ದರು. ವೈರ್‌ಮನ್ನನ್ನೊಮ್ಮೆ ದಿಟ್ಟಿಸಿ ಒಳಗೆ ಹೋದರು.

ಎರಡು ಮೈಲಿ ಹೋಗುವಷ್ಟರಲ್ಲಿ ಕಾರಿನ ಹಿಂಭಾಗ ನಿಧಾನವಾಗಿ ಕುಸಿಯಿತು. ಅದು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಗಾಡಿ. ಪಂಪು ಕೆಲಸ ಮಾಡದಿದ್ದರೆ ಹೊಟ್ಟೆ ತುಂಬ ಉಂಡ ಯಜಮಾನನಂತೆ ಕೂತುಬಿಡುತ್ತದೆ. ಮೂತಿ ಆಕಾಶ ನೋಡುತ್ತಿತ್ತು. ಹಿಂದೆ ಬಸ್ಸುಗಳ ಸಾಲು. ಸಾಹುಕಾರ ಕಣ್ಣು ಮುಚ್ಚಿ ಸೀಟಿಗೊರಗಿದ. ಆಹಾ, ಇಲ್ಲಿಗೆ ಮುಗಿಯಿತು!

ಮುಗಿಯಲು ಬಿಡುವವರು ಯಾರು? ವೈರ್‌ಮನ್ ಕೆಳಗಿಳಿದು ಎರಡು ಕೈ ಎತ್ತಿ ಬೊಬ್ಬೆ ಹಾಕಿದ. ಬಸ್ಸಿನಿಂದ ಎಂಟು ಜನ ಇಳಿದರು. ಎಂಟು ಜನ, ಎಂಟು ಸಲಹೆ. ಕೊನೆಗೆ ಎಲ್ಲರೂ ಸೇರಿ ಕಾರನ್ನು ತಳ್ಳಿಕೊಂಡು ಹೋಗಿ ರಸ್ತೆ ಬದಿಯ ಲಾರಿ ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿದರು.

ಅಂಗಡಿ ನಡೆಸುತ್ತಿದ್ದಾಕೆ ಐವತ್ತರ ಗಟ್ಟಿ ಹೆಂಗಸು. ಲಾರಿಯ ಕೆಳಗಿನಿಂದ ಹೊರಬಂದು ಕಾರು ನೋಡಿದವಳೇ ಕೈಗಳನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡಳು.

"ಅಕ್ಕಾ, ಇದು ಹಳೇ ಗಾಡಿ. ನಿಮಗ್ಯಾಕೆ ತೊಂದರೆ? ಬಿಟ್ಬಿಡಿ" ಎಂದ ಸಾಹುಕಾರ.

"ತೊಂದರೆ ಎಂಥದಪ್ಪಾ? ದಿನಾ ಲಾರಿ ಗ್ರೀಸು ಬಳಿದು ಬಳಿದು ಸಾಕಾಗಿದೆ. ಇಂಥ ಗಾಡಿಗೆ ಕೈ ಹಾಕೋ ಯೋಗ ಯಾವಾಗ ಬರುತ್ತೆ?" ಅವಳು ಫ್ಯೂಸ್ ಡಬ್ಬಿ ತೆರೆದು ನಕ್ಕಳು. "ಅಯ್ಯೋ, ಪಂಪಿನ ಫ್ಯೂಸೇ ಇಲ್ವಲ್ಲ! ಇಲಿ ತಿಂತೋ ಏನೋ." ಲಾರಿಯದೊಂದು ಫ್ಯೂಸ್ ಹಾಕಿದಳು. ಕಾರು ಗುರ್ರೆಂದು, ಮುದುಕ ಊರುಗೋಲು ಹಿಡಿದು ಏಳುವಂತೆ ಎದ್ದು ನಿಂತಿತು. ಎಂಟು ಜನರೂ ಚಪ್ಪಾಳೆ ತಟ್ಟಿದರು.

ಅವಳು ಅಷ್ಟಕ್ಕೆ ಬಿಡಲಿಲ್ಲ. ಹೆಡ್‌ಲೈಟಿನ ದಿಕ್ಕು ಸರಿಮಾಡಿದಳು, ಸೋರುವ ಕಡೆ ಹೊಸ ವಾಷರ್ ಹಾಕಿದಳು, ಬ್ರೇಕ್ ಒರೆಸಿ ಬಿಗಿದಳು. ಸಾಹುಕಾರ ಕಲ್ಲಿನ ಮೇಲೆ ಕೂತು ನೋಡುತ್ತಲೇ ಇದ್ದ. ಬೇಕಾದಷ್ಟು ಕೊಡುತ್ತೇನೆ, ದಯವಿಟ್ಟು ಸರಿಮಾಡಬೇಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು. ಕೊನೆಗೆ ಎಷ್ಟಾಯಿತು ಎಂದು ಕೇಳಿದರೆ ಅವಳು ಕೈಯಾಡಿಸಿದಳು. "ಏನೂ ಬೇಡ. ಪಾಸಾದ್ರೆ ಬಂದು ಒಂದು ಸುತ್ತು ಕೂರಿಸಿಕೊಂಡು ಹೋಗಿ, ಸಾಕು." ಆ ಕಾರು ಬಂದ ಮೇಲೆ ಮೊದಲ ಸಲ ಯಾರೋ ಅವನಿಂದ ದುಡ್ಡು ಕೇಳಿರಲಿಲ್ಲ. ಅದೂ ಇವತ್ತೇ ಆಗಬೇಕೆ?

ಪರೀಕ್ಷಾ ಕೇಂದ್ರದ ಅಂಗಳದಲ್ಲಿ ಬಿಸಿಲು ಕಾದ ಹಂಚಿನಂತಿತ್ತು. ಮೂರು ಗಂಟೆ ಸರದಿ. ಇನ್ಸ್‌ಪೆಕ್ಟರ್ ಸಣ್ಣ ದೇಹದ, ಸಿಡುಕು ಮೋರೆಯ ಮನುಷ್ಯ. ಬೆಳಗಿನಿಂದ ಹನ್ನೊಂದು ಗಾಡಿ ಫೇಲ್ ಮಾಡಿದ್ದಾರೆ ಎಂದು ಯಾರೋ ಹೇಳಿದಾಗ ಸಾಹುಕಾರನಿಗೆ ಅವರ ಮೇಲೆ ಅಪಾರ ಗೌರವ ಹುಟ್ಟಿತು.

ಇನ್ಸ್‌ಪೆಕ್ಟರ್ ಕಾರಿನ ಹಿಂದೆ ಹೋಗಿ ನಿಂತರು. "ಬ್ರೇಕ್ ಒತ್ತಿ. ಏನ್ರೀ, ಲೈಟೇ ಇಲ್ಲ?"

ಹೋದ ಭಾನುವಾರ ಉರಿದದ್ದು ಇವತ್ತು ಉರಿಯುತ್ತಿಲ್ಲ! ಮುಚ್ಚಳ ಬಿಚ್ಚಿದರೆ ಒಳಗೆ ಬಲ್ಬೇ ಇರಲಿಲ್ಲ. "ಫೇಲ್" ಎಂದರು ಇನ್ಸ್‌ಪೆಕ್ಟರ್. ಅಷ್ಟು ಸುಂದರವಾದ ಪದವನ್ನು ಸಾಹುಕಾರ ಎಂದೂ ಕೇಳಿರಲಿಲ್ಲ.

"ಒಂದು ನಿಮಿಷ ಸಾರ್!" ವೈರ್‌ಮನ್ ತನ್ನ ಚೀಲಕ್ಕೆ ಕೈ ಹಾಕಿ ಸ್ಕ್ರೂಡ್ರೈವರ್, ಟೇಪು, ಹಾಳೆಯಲ್ಲಿ ಸುತ್ತಿದ ತಿಂಡಿ, ಕೊನೆಗೆ ಎರಡು ಬಲ್ಬು ಹೊರತೆಗೆದ. "ಹೊತ್ತು ಇನ್ನೂ ಐದಾಗಿಲ್ಲ ಸಾರ್!" ಎರಡೂ ಕೂತವು, ಉರಿದವು. ಸಾಹುಕಾರನ ಮುಖ ಆರಿತು.

ಹೊಗೆ ಪರೀಕ್ಷೆಯಲ್ಲಿ ಕಾರು ಹಸುಗೂಸಿನಂತೆ ಉಸಿರಾಡಿತು. ಬ್ರೇಕ್ ಪರೀಕ್ಷೆಯಲ್ಲಿ ಗೆರೆಯ ಮೇಲೆ ನಿಂತಿತು. ಉಳಿದದ್ದು ಒಂದೇ, ಚಾಸಿ ನಂಬರ್ ಓದಿ ಕಾಗದಕ್ಕೆ ತಾಳೆ ನೋಡುವುದು. ಇನ್ಸ್‌ಪೆಕ್ಟರ್ ಬಗ್ಗಿದರು. ಕನ್ನಡಕ ಮೂಗಿನ ತುದಿಗೆ ಜಾರಿತು. ಏರಿಸಿಕೊಂಡರು. ಮತ್ತೆ ಜಾರಿತು. "ಇದು ಮೂರೋ ಎಂಟೋ? ಏನೂ ಕಾಣ್ತಿಲ್ಲ. ನಂಬರ್ ಸವೆದಿದೆ ಅಂತ ಬರೆದು ತಿರಸ್ಕರಿಸಬೇಕಾಗುತ್ತೆ."

ದೇವರು ಕಣ್ಣು ಬಿಟ್ಟಿದ್ದ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಹದಿನೇಳು ವರ್ಷ ಕನ್ನಡಕದಂಗಡಿಯಲ್ಲಿ ನಿಂತವನ ಕಣ್ಣ ಮುಂದೆ, ಒಂದು ಕಾಲು ಸಡಿಲವಾಗಿ ವಾಲಿಕೊಂಡ ಕನ್ನಡಕ ಕುಣಿಯುತ್ತಿತ್ತು. ಅವನ ಕೈ ಅವನನ್ನು ಕೇಳದೆಯೇ ಮುಂದೆ ಹೋಯಿತು. "ಸಾರ್, ಸ್ವಲ್ಪ ಕೊಡಿ ಇಲ್ಲಿ." ಜೇಬಿನ ಪುಟ್ಟ ಸ್ಕ್ರೂಡ್ರೈವರಿನಿಂದ ಎರಡು ತಿರುವು, ಕಿವಿಯ ಹತ್ತಿರ ಒಂದು ಬಾಗು, ಅಂಗಿಯ ಚುಂಗಿನಿಂದ ಒಂದು ಒರೆಸು. ಇನ್ಸ್‌ಪೆಕ್ಟರ್ ಹಾಕಿಕೊಂಡು ಸುತ್ತಲೂ ನೋಡಿದರು. ಮೋಡ ಸರಿದಂತೆ ಅವರ ಸಿಡುಕು ಸರಿಯಿತು.

"ಅರೆ! ಆರು ತಿಂಗಳಿಂದ ಒದ್ದಾಡ್ತಿದ್ದೆನಲ್ರೀ!" ಮತ್ತೆ ಬಗ್ಗಿದರು. "ಎಂಟು. ಸ್ಪಷ್ಟವಾಗಿ ಎಂಟು. ಪಾಸ್!"

ತಾನು ಮಾಡಿದ್ದು ಏನೆಂದು ಸಾಹುಕಾರನಿಗೆ ತಿಳಿಯುವ ಹೊತ್ತಿಗೆ ಸೀಲು ಬಿದ್ದಾಗಿತ್ತು.

ಸಂಜೆ ಬೀದಿಗೆ ಬಂದರೆ ಅರ್ಧ ಬೀದಿ ಗೇಟಿನ ಬಳಿ ನೆರೆದಿತ್ತು. ವೈರ್‌ಮನ್ ಮೊದಲೇ ಫೋನು ಮಾಡಿ ಸಾರಿದ್ದ. ಎಲ್ಲರೂ ಬೆನ್ನು ತಟ್ಟಿದರು. ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು, ಶೆಡ್ಡಿನೊಳಗೆ ನುಸುಳುತ್ತಿದ್ದ ಕಾರನ್ನು ನೋಡಿ, ಅಡುಗೆಮನೆಗೆ ಹೋದಳು. ಹೊಲಿಗೆ ಯಂತ್ರ ಸಿಟ್ಟಿನಿಂದ ಓಡಿದ ಸದ್ದು ಕೇಳಿಸಿತು.

ಜನ ಚದುರಿದ ಮೇಲೆ ಅವನು ಸರ್ಟಿಫಿಕೇಟನ್ನು ಮಾವನ ಕೈಗಿತ್ತ. ಅವರು ಅದನ್ನು ದೂರ ಹಿಡಿದು ಓದಿದರು. ಕಣ್ಣು ತೇವವಾಯಿತು. ಹೋಗಲಿ, ಈ ಜೀವಕ್ಕಾದರೂ ಸಂತೋಷವಾಯಿತಲ್ಲ ಎಂದು ಅಳಿಯ ಸಮಾಧಾನ ಮಾಡಿಕೊಂಡ.

"ಪಾಸು ಮಾಡಿಸ್ಕೊಂಡೇ ಬಂದ್ಬಿಟ್ರಲ್ಲ ಅಳಿಯಂದ್ರೇ" ಎಂದರು ಮಾವ. ಬಾಗಿಲ ಕಡೆ ನೋಡಿ, ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಅವನ ಅಂಗೈಯಲ್ಲಿಟ್ಟರು. ಒಂದು ಫ್ಯೂಸು. ಎರಡು ಬಲ್ಬು.

"ಮಾವಾ! ನೀವಾ?"

"ನಿನ್ನೆ ಸಂಜೆ, ನೀವು ಅಂಗಡೀಲಿದ್ದಾಗ. ಹಾರನ್ ವೈರೂ ನಾನೇ ಕಿತ್ತದ್ದು. ಬ್ರೇಕ್ ಮಾತ್ರ ಮುಟ್ಲಿಲ್ಲ. ಡ್ರೈವರ್ ಕೈ ಅಲ್ವಾ, ಅಲ್ಲಿಗೆ ಹೋಗಲ್ಲ." ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ಇಪ್ಪತ್ತು ವರ್ಷ ಅದನ್ನ ಒರೆಸಿ ಒರೆಸಿ ನನ್ನ ಬೆನ್ನು ಬಗ್ಗಿತು. ಈಗ ನಿಮ್ಮದು ಬಗ್ತಿದೆ. ಮಗಳು ಮೂಲೇಲಿ ಕೂತು ಹೊಲೀತಾಳೆ. ಫೇಲಾದ್ರೆ ಧಣಿಗೆ ಕೊಟ್ಟ ಮಾತೂ ಉಳಿಯುತ್ತೆ, ನಿಮಗೂ ಬಿಡುಗಡೆ ಅಂತ..."

"ಒಂದು ಮಾತು ನನಗೆ ಹೇಳಬಾರದಿತ್ತಾ ಮಾವಾ?"

"ಹೆಂಗೆ ಹೇಳ್ಲಿ? ವಾರಕ್ಕಿರೋ ಒಂದು ರಜಾನೂ ಅದರ ಕೆಳಗೇ ಕಳೀತೀರಿ. ಅದರ ಮೇಲೆ ನಿಮಗೆ ಪ್ರಾಣ ಅಂದ್ಕೊಂಡೆ."

ಸಾಹುಕಾರ ಫ್ಯೂಸು, ಬಲ್ಬುಗಳನ್ನು ಜೇಬಿಗೆ ಹಾಕಿಕೊಂಡು ಧೈರ್ಯ ಮಾಡಿದ. "ಹಾಗಾದ್ರೆ ನಾಳೇನೇ ಮಾರಿಬಿಡೋಣ ಮಾವಾ."

ಮಾವ ಸರ್ಟಿಫಿಕೇಟನ್ನು ನಾಲ್ಕಾಗಿ ಮಡಿಸಿದರು. "ಎಲ್ಲಿ ಆಗುತ್ತೆ? ಐದು ವರ್ಷ ಓಡುತ್ತೆ ಅಂತ ಸರ್ಕಾರವೇ ಬರ್ಕೊಟ್ಟಿದೆ. ಓಡೋ ಗಾಡೀನ ಬಿಟ್ಟೆ ಅಂದ್ರೆ ನಾಳೆ ಮೇಲೆ ಹೋದಾಗ ಧಣಿಗೆ ಯಾವ ಮುಖ ತೋರಿಸ್ಲಿ?"

ಅವರು ಮೊಣಕಾಲಿಗೆ ಕೈಯೂರಿ ಎದ್ದರು. ಬಾಗಿಲಲ್ಲಿ ನಿಂತು ತಿರುಗಿ, ದನಿ ತಗ್ಗಿಸಿ ಹೇಳಿದರು:

"ಐದು ವರ್ಷಕ್ಕೆ ನನಗೆ ಎಂಬತ್ತೊಂದು. ಆಗ ಬಗ್ಗೋಕೆ ಆಗಲ್ಲ. ನಾಳೆ ಭಾನುವಾರ, ಹೇಗೂ ಕೆಳಗೆ ಹೋಗ್ತೀರಲ್ಲ. ಏನೇನು ಬಿಚ್ಚಬೇಕು ಅಂತ ತೋರಿಸ್ಕೊಡ್ತೀನಿ, ಈಗಿಂದ್ಲೇ ಕಲ್ತಿಟ್ಕೊಳ್ಳಿ."